ಕಾವೇರಿ ಮತ್ತು ಕೇರಿ
(ತ್ರಿವೇಣಿಯವರ ‘ಶರಪಂಜರ’, ಬೀಬಿ ಮೂರ್ ಕ್ಯಾಂಪ್‌ಬೆಲ್ ಅವರ ‘72 ಅವರ್ ಹೋಲ್ಡ್’: ಒಂದು ಜೋಡಿ ಓದು)



ಕಳೆದ ಕೂಟದಲ್ಲಿ ‘ಶರಪಂಜರ’ದ ಮಾತು ಬಂತು. ಹತ್ತು ನಿಮಿಷದಲ್ಲಿ ಅದು ಪುಟ್ಟಣ್ಣನವರ ಸಿನಿಮಾಕ್ಕೆ ಜಾರಿತು, ಅಲ್ಲಿಂದ ಕಲ್ಪನಾ ಅವರ ಸೀರೆಗಳಿಗೆ, ಅಲ್ಲಿಂದ ಹಾಡುಗಳಿಗೆ. ಕಾಫಿ ಬರುವ ಹೊತ್ತಿಗೆ ಕಾದಂಬರಿ ಎಲ್ಲೋ ಕಳೆದುಹೋಗಿತ್ತು. ನಾನೂ ಹಾಡು ಗುನುಗಿದವನೇ, ಆದ್ದರಿಂದ ಯಾರನ್ನೂ ದೂರುತ್ತಿಲ್ಲ. ಆದರೆ ಲಾಸ್ ಏಂಜಲೀಸ್ ಕಡೆಯಿಂದ ಐ-5 ಹಿಡಿದು ಸ್ಯಾನ್ ಡಿಯಾಗೋಗೆ ವಾಪಸಾಗುವಾಗ, ಕ್ಯಾಂಪ್ ಪೆಂಡಲ್‌ಟನ್‌ನ ಆ ಕತ್ತಲ ಹಾದಿಯುದ್ದಕ್ಕೂ, ನಾವು ಆಡದೇ ಬಿಟ್ಟ ಮಾತುಗಳೇ ತಲೆಯಲ್ಲಿ ಸುತ್ತುತ್ತಿದ್ದವು. ಅವತ್ತು ಅಲ್ಲಿ ಕೂತಿದ್ದ ಇಪ್ಪತ್ತು ಜನರಲ್ಲಿ ಕನಿಷ್ಠ ಮೂರು ಮನೆಗಳಲ್ಲಿ ಈ ಕಾಯಿಲೆ ಇದೆ ಎಂದು ನನಗೆ ಗೊತ್ತು. ನನ್ನದೂ ಸೇರಿದರೆ ನಾಲ್ಕು. ನಾವು ಸೀರೆಯ ಬಗ್ಗೆ ಮಾತಾಡಿದೆವು.

ನಾನು ವಿಮರ್ಶಕನಲ್ಲ, ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಆದರೂ ಸಂಪಾದಕರು ‘ಬರೆದು ಕಳಿಸಿ, ನೋಡೋಣ’ ಎಂದರು. ಅದೇ ವಾರ ಆಫೀಸಿನ ಆಫ್ರಿಕನ್-ಅಮೆರಿಕನ್ ಗೆಳತಿಯೊಬ್ಬರು ಇನ್ನೊಂದು ಪುಸ್ತಕ ಕೈಗಿಟ್ಟಿದ್ದರು. 2005ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. ನಡೆಯುವುದು ನಮ್ಮ ಲಾಸ್ ಏಂಜಲೀಸ್‌ನಲ್ಲೇ. ಅದರ ನಾಯಕಿಯ ಹೆಸರು ಕೇರಿ! ಕನ್ನಡ ಕಿವಿಗೆ ಕೇರಿ ಎಂದರೆ ಬೀದಿ. ನಮ್ಮ ಕಾವೇರಿಯ ಕತೆ ಮನೆಯೊಳಗೆ ನಡೆದರೆ, ಈ ಕೇರಿಯ ಕತೆ ನಿಜಕ್ಕೂ ಬೀದಿಯಲ್ಲಿ ನಡೆಯುತ್ತದೆ. ಈ ಕಾಕತಾಳೀಯವೇ ನನ್ನನ್ನು ಎರಡನ್ನೂ ಜೊತೆಗಿಟ್ಟು ಓದುವಂತೆ ಮಾಡಿತು ಎಂದರೆ ನಗಬೇಡಿ.

ಮೊದಲು ಕಾವೇರಿ.

ತ್ರಿವೇಣಿ (1928–1963) ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಇನ್ನೂ 35 ತುಂಬುವ ಮುನ್ನ ತೀರಿಕೊಂಡವರು. ಬಾಣಂತಿಯ ಮನಸ್ಸು ಕೆಡುವ ಬಗ್ಗೆ ಕಾದಂಬರಿ ಬರೆದವರಿಗೆ ಬಾಣಂತನವೇ ಮುಗಿಯಲಿಲ್ಲ ಎಂಬುದು ಪ್ರತಿಬಾರಿ ಆ ಪುಸ್ತಕ ತೆಗೆದಾಗಲೂ ಎದೆಗೆ ಚುಚ್ಚುತ್ತದೆ. ಕತೆ ನಿಮಗೆಲ್ಲ ಗೊತ್ತೇ ಇದೆ. ಕಾವೇರಿ, ಸತೀಶ, ಚೆಂದದ ಸಂಸಾರ, ಹೆರಿಗೆಯ ನಂತರ ಕಾಯಿಲೆ, ಆಸ್ಪತ್ರೆ, ಗುಣ, ಮನೆ, ಮತ್ತೆ ಆಸ್ಪತ್ರೆ.

ಈ ಪಟ್ಟಿಯಲ್ಲಿ ‘ಗುಣ’ ಎಂಬ ಪದ ಎಲ್ಲಿದೆ ಎಂದು ಗಮನಿಸಿ. ಬೇರೆ ಯಾರೇ ಬರೆದಿದ್ದರೂ ಅದು ಕೊನೆಯಲ್ಲಿರುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಮುಗುಳ್ನಗುತ್ತಾರೆ, ಗಂಡ ಹೂವು ತರುತ್ತಾನೆ, ಶುಭಂ. ತ್ರಿವೇಣಿ ಅದನ್ನು ಕತೆಯ ನಡುವೆ ಇಟ್ಟರು. ಗುಣವಾದ ಮೇಲೆ ಏನು ಎಂಬುದೇ ಅವರ ಪ್ರಶ್ನೆ. ಅವರ ಕಾದಂಬರಿಯಲ್ಲಿ ಆಸ್ಪತ್ರೆ ಭಯದ ಜಾಗವಲ್ಲ. ಅಲ್ಲಿ ಕಾಯಿಲೆ ವಾಸಿಯಾಗುತ್ತದೆ. ವಾಸಿಯಾಗದಿರುವುದು ಮನೆ. ಆಕೆ ನಕ್ಕರೆ ಒಂದು ಅನುಮಾನ, ಅತ್ತರೆ ಇನ್ನೊಂದು, ಸುಮ್ಮನಿದ್ದರೆ ಮತ್ತೂ ದೊಡ್ಡದು. ಕಾವೇರಿಯ ಸುತ್ತ ಇರುವ ಶರಗಳು ಕಣ್ಣುಗಳು. ಕ್ರೂರ ಕಣ್ಣುಗಳೂ ಅಲ್ಲ, ಬಹುಪಾಲು ಕಾಳಜಿಯವೇ.

ಇದು ಎಷ್ಟು ನಿಜ ಎಂದು ನನಗೆ ಗೊತ್ತು. ನನಗೆ ಎಂಟು ವರ್ಷವಿದ್ದಾಗ ನಮ್ಮ ಚಿಕ್ಕಮ್ಮನಿಗೆ ಬಾಣಂತಿ ಸನ್ನಿ ಆಯಿತು. ಮೊದಲು ತಾಯಿತ, ಆಮೇಲೆ ಬೆಂಗಳೂರು. ಎರಡು ತಿಂಗಳಿಗೆ ಚಿಕ್ಕಮ್ಮ ವಾಪಸು ಬಂದಳು, ನೆಟ್ಟಗೆ, ಮೊದಲಿನ ಹಾಗೇ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಅವಳ ಕೈಗೆ ಈಳಿಗೆಮಣೆ ಕೊಡಲಿಲ್ಲ. ಯಾರೂ ‘ಕೊಡಬೇಡಿ’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ತರಕಾರಿ ಹೆಚ್ಚುವ ಹೊತ್ತಿಗೆ ಅದು ಇನ್ನೊಬ್ಬರ ಮುಂದೆ ಇರುತ್ತಿತ್ತು, ಅಷ್ಟೆ. ಮಗುವನ್ನು ಅವಳ ತೊಡೆಗೆ ಕೊಟ್ಟು ಪಕ್ಕದಲ್ಲೇ ಯಾರಾದರೂ ಕೂರುತ್ತಿದ್ದರು. ನನಗೆ ಸಿಕ್ಕಿದ್ದ ಕೆಲಸ: ‘ಚಿಕ್ಕಮ್ಮನ ಮೇಲೆ ಒಂದು ಕಣ್ಣಿಟ್ಟಿರು, ಏನಾದ್ರೂ ಒಂಥರಾ ಮಾಡಿದ್ರೆ ಬಂದು ಹೇಳು.’ ನಾನು ಜಾಣ ಹುಡುಗ. ಹೇಳುತ್ತಿದ್ದೆ. ಅವಳು ಹಿತ್ತಲಲ್ಲಿ ಒಬ್ಬಳೇ ನಿಂತು ಹಾಡಿಕೊಂಡಿದ್ದನ್ನೂ ಹೇಳಿದೆ.

ಹಾಗಾಗಿ ‘ಶರಪಂಜರ’ದ ಬಗ್ಗೆ ನನ್ನ ಒಂದೇ ಒಂದು ತಕರಾರು ಬರುವುದು ಇಲ್ಲಿ. ಸತೀಶನಿಗೆ ಇನ್ನೊಂದು ಹೆಣ್ಣಿನ ಸಂಬಂಧ ಅಂಟಿಸಿದ್ದರಿಂದ ಕಾವೇರಿ ಮತ್ತೆ ಕುಸಿಯಲು ಒಂದು ಸುಲಭ ಕಾರಣ ಸಿಕ್ಕಿಬಿಡುತ್ತದೆ. ಗಂಡ ಒಳ್ಳೆಯವನಾಗಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ಓದುಗ ಪುಸ್ತಕ ಮುಚ್ಚಿ ನೆಮ್ಮದಿಯಾಗಿ ಮಲಗಬಹುದು. ನಮ್ಮ ಚಿಕ್ಕಪ್ಪ ಅಪ್ಪಟ ಒಳ್ಳೆಯ ಮನುಷ್ಯ. ಇನ್ನೊಂದು ಹೆಂಗಸಿನ ಮುಖ ನೋಡಿದವನಲ್ಲ. ಈಳಿಗೆಮಣೆಯನ್ನು ಹೆಚ್ಚು ಸಲ ಆಚೆಗೆ ಸರಿಸಿದವನು ಅವನೇ. ತ್ರಿವೇಣಿ ಸತೀಶನನ್ನೂ ಹಾಗೆ ಒಳ್ಳೆಯವನನ್ನಾಗಿಯೇ ಉಳಿಸಿ ಬರೆದಿದ್ದರೆ ಕಾದಂಬರಿ ಇನ್ನೂ ಭಯಂಕರವಾಗುತ್ತಿತ್ತು ಎಂಬುದು ನನ್ನ ಅಂಬೋಣ.

ಸಿನಿಮಾದ ಬಗ್ಗೆ ಎರಡೇ ಮಾತು. 1971ರ ಆ ಚಿತ್ರ ದೊಡ್ಡ ಚಿತ್ರ, ಕಲ್ಪನಾ ದೊಡ್ಡ ನಟಿ, ಅನುಮಾನವಿಲ್ಲ. ಆದರೆ ಅದರ ನಂತರ ಕನ್ನಡದಲ್ಲಿ ಹುಚ್ಚು ಎಂದರೆ ಆ ಚೀರಾಟ, ಆ ಕೆದರಿದ ಕೂದಲು ಎಂದಾಯಿತು. ನಮ್ಮ ಕಾಲೇಜ್ ಡೇಗಳಲ್ಲಿ ಅದನ್ನು ಮಿಮಿಕ್ರಿ ಮಾಡಿ ನಗಿಸಿದವರುಂಟು. ಸದ್ದಿಲ್ಲದೆ ಬರುವ ಕಾಯಿಲೆಯನ್ನು, ಉದಾಹರಣೆಗೆ ಮೂರು ವಾರ ಸ್ನಾನ ಮಾಡದೆ ಗೋಡೆ ನೋಡುವ ಹುಡುಗನನ್ನು, ಗುರುತಿಸಲು ನಮಗೆ ಚಿತ್ರವೇ ಇಲ್ಲದಂತಾಯಿತು. ಕಾದಂಬರಿ ಅಷ್ಟು ಚೀರುವುದಿಲ್ಲ.

ಈಗ ಕೇರಿ.

ಕೇರಿ ವಿಟ್‌ಮೋರ್ ಲಾಸ್ ಏಂಜಲೀಸ್‌ನಲ್ಲಿ ಒಳ್ಳೆಯ ಬಟ್ಟೆಗಳನ್ನು ಮರುಮಾರಾಟ ಮಾಡುವ ಅಂಗಡಿ ಇಟ್ಟಿರುವ ಕಪ್ಪು ಹೆಂಗಸು, ಗಂಡನಿಂದ ಬೇರೆಯಾದವಳು. ಮಗಳು ಟ್ರೀನಾ ಜಾಣೆ, ಚೆಲುವೆ, ಬ್ರೌನ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. (ಈ ಸಾಲು ಓದುವಾಗ ನಮ್ಮವರೆಲ್ಲ ಒಂದು ಕ್ಷಣ ನೆಟ್ಟಗೆ ಕೂರುತ್ತಾರೆ, ಗೊತ್ತು.) ಟ್ರೀನಾಗೆ ಬೈಪೋಲಾರ್ ಕಾಯಿಲೆ. ಮಾತ್ರೆ ನಿಲ್ಲಿಸುತ್ತಾಳೆ, ರಾತ್ರಿ ಮಾಯವಾಗುತ್ತಾಳೆ, ತಾಯಿಯನ್ನು ಹೊಡೆಯುತ್ತಾಳೆ. ಮತ್ತು ಅವಳಿಗೆ 18 ತುಂಬಿದೆ.

ಕಾದಂಬರಿಯ ಹೆಸರು ಕ್ಯಾಲಿಫೋರ್ನಿಯಾದ ಕಾನೂನಿನಿಂದ ಬಂದದ್ದು. 1967ರ ಲ್ಯಾಂಟರ್‌ಮನ್-ಪೆಟ್ರಿಸ್-ಶಾರ್ಟ್ ಕಾಯ್ದೆಯ ಪ್ರಕಾರ, ಮನೋರೋಗದಿಂದಾಗಿ ತನಗೋ ಇತರರಿಗೋ ಅಪಾಯವಾಗುವ ಸ್ಥಿತಿಯಲ್ಲಿರುವವರನ್ನು, ಅಥವಾ ಊಟ, ಬಟ್ಟೆ, ಸೂರು ನೋಡಿಕೊಳ್ಳಲಾರದಷ್ಟು ಅಶಕ್ತರಾದವರನ್ನು, ಅವರ ಒಪ್ಪಿಗೆ ಇಲ್ಲದೆ 72 ತಾಸಿನವರೆಗೆ ಇರಿಸಿಕೊಳ್ಳಬಹುದು. ಪೊಲೀಸರ ಬಾಯಲ್ಲಿ ಇದು ‘ಫಿಫ್ಟಿ-ಒನ್-ಫಿಫ್ಟಿ’. ಸೆಕ್ಷನ್ ಸಂಖ್ಯೆ 5150. ಅದಕ್ಕೂ ಮುಂಚೆ ಯಾರನ್ನು ಬೇಕಾದರೂ ವರ್ಷಗಟ್ಟಲೆ ಕೂಡಿಹಾಕಬಹುದಾಗಿತ್ತು. ಕಾಯ್ದೆ ಬಂದದ್ದು ಆ ಅನ್ಯಾಯ ತಡೆಯಲು. ಆದರೆ ಕೇರಿಯ ಕಣ್ಣಿಗೆ ಕಾಣುವುದು ಬೇರೆ. ಮಗಳು ಮುರಿದುಬೀಳುವವರೆಗೆ ಯಾರೂ ಬಾಗಿಲು ತೆರೆಯುವುದಿಲ್ಲ. ತೆರೆದರೂ ಮೂರು ದಿನಕ್ಕೆ, ಅವಳು ಸ್ವಲ್ಪ ನೆಟ್ಟಗೆ ಮಾತಾಡಿದ ಕೂಡಲೇ, ಹೊರಗೆ. ವಯಸ್ಕಳಾದ್ದರಿಂದ ತಾಯಿಗೆ ಮಾಹಿತಿಯೂ ಇಲ್ಲ.

ಕೊನೆಗೆ ಕೇರಿ ಕಾನೂನಿನ ಹೊರಗೆ ಕೆಲಸ ಮಾಡುವ ಒಂದು ಗುಪ್ತ ಗುಂಪನ್ನು ಸೇರಿ ಮಗಳನ್ನು ರಾತ್ರೋರಾತ್ರಿ ಸಾಗಿಸುತ್ತಾಳೆ. ಇಲ್ಲಿ ಕ್ಯಾಂಪ್‌ಬೆಲ್ ಗುಲಾಮಗಿರಿಯ ಕಾಲದ ಪಲಾಯನದ ಹಾದಿಗಳನ್ನು, ಹ್ಯಾರಿಯೆಟ್ ಟಬ್‌ಮನ್‌ರನ್ನು ತರುತ್ತಾರೆ. ಕಾಯಿಲೆಯೇ ಒಡೆಯ, ರೋಗಿ ಗುಲಾಮ. ಮೊದಲ ಓದಿನಲ್ಲಿ ಈ ರೂಪಕ ನನಗೆ ಭಾರವೆನಿಸಿತು. ಪ್ರತಿ ಹತ್ತು ಪುಟಕ್ಕೊಮ್ಮೆ ಬರುತ್ತದೆ, ಹೋಲಿಕೆಗೆ ಹೋಲಿಕೆ ಪೇರಿಸುತ್ತದೆ; ಕತೆಯ ಓಟವೂ ಸಿನಿಮಾದಂತಾಗಿಬಿಡುತ್ತದೆ. ಗದ್ಯದ ಮಿತವ್ಯಯದಲ್ಲಿ ತ್ರಿವೇಣಿಯವರ ಕೈಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಇದನ್ನು ಆಫೀಸಿನ ಗೆಳತಿಗೆ ಹೇಳಿದಾಗ ಅವರು ಜಗಳವಾಡಲಿಲ್ಲ. ‘ನಮ್ಮ ಅಜ್ಜಿಗೆ ಆಸ್ಪತ್ರೆ ಎಂದರೆ ಟಸ್ಕೀಗಿ’ ಎಂದರು, ಅಷ್ಟೆ. 1932ರಿಂದ 1972ರವರೆಗೆ ಅಮೆರಿಕದ ಸರಕಾರಿ ಆರೋಗ್ಯ ಇಲಾಖೆಯೇ ಅಲಬಾಮಾದ ನೂರಾರು ಕಪ್ಪು ಗಂಡಸರ ಸಿಫಿಲಿಸ್ ರೋಗವನ್ನು ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತಾ ಕೂತ ಕತೆ ಅದು. ಹಾಗೆ ಮೋಸಹೋದ ಜನಕ್ಕೆ ‘ಡಾಕ್ಟರ ಹತ್ತಿರ ಹೋಗಿ’ ಎಂದು ಹೇಳುವುದು ಸುಲಭದ ಮಾತಲ್ಲ. ‘ನಮ್ಮವರು ಇದಕ್ಕಿಂತ ದೊಡ್ಡದನ್ನು ತಡೆದುಕೊಂಡಿದ್ದಾರೆ, ನಿನಗೇನು?’ ಎನ್ನುವ ಬಂಧುಗಳಿಗೆ ಅದೇ ಗುಲಾಮಗಿರಿಯ ಭಾಷೆಯಲ್ಲಿ ಕ್ಯಾಂಪ್‌ಬೆಲ್ ಉತ್ತರ ಕೊಡುತ್ತಿದ್ದಾರೆ. ಆ ರೂಪಕ ನನಗಾಗಿ ಬರೆದದ್ದಲ್ಲ. ಇದು ತಿಳಿಯಲು ನನಗೆ ಎರಡನೆಯ ಓದು ಬೇಕಾಯಿತು.

ಆಕೆ ಬರೆದು ಸುಮ್ಮನಾದವರೂ ಅಲ್ಲ. ಲಾಸ್ ಏಂಜಲೀಸ್‌ನ ಕಪ್ಪು ಸಮುದಾಯದ ನಡುವೆ ನ್ಯಾಮಿ ಸಂಘಟನೆಯ ಶಾಖೆಯೊಂದನ್ನು ಕಟ್ಟಿದವರಲ್ಲಿ ಒಬ್ಬರು. ರೋಗಿಗಳ ಮನೆಯವರು ಒಂದು ಕಡೆ ಕೂತು ಮಾತಾಡುವ ವ್ಯವಸ್ಥೆ ಅದು. 2006ರಲ್ಲಿ ತೀರಿಕೊಂಡರು. 2008ರಲ್ಲಿ ಅಮೆರಿಕದ ಕೆಳಮನೆ ಜುಲೈ ತಿಂಗಳನ್ನು ಅಲ್ಪಸಂಖ್ಯಾತ ಸಮುದಾಯಗಳ ಮಾನಸಿಕ ಆರೋಗ್ಯ ಜಾಗೃತಿಯ ಮಾಸವೆಂದು ಆಕೆಯ ಹೆಸರಿನಲ್ಲಿ ಗುರುತಿಸಿತು. ಕಾನೂನೂ ಅಷ್ಟಿಷ್ಟು ಅಲುಗಿದೆ. ಮನೆಯವರೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಚಿಕಿತ್ಸೆಯ ಯೋಜನೆ ಕೇಳಬಹುದಾದ ‘ಕೇರ್ ಕೋರ್ಟ್’ 2023ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೋದಲ್ಲಿ, ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಯಿತು. ಶುರುವಾದಾಗ ಅದು ಸ್ಕಿಜೋಫ್ರೀನಿಯಾ ಬಗೆಯ ಕಾಯಿಲೆಗಳಿಗೆ ಮಾತ್ರ. ಟ್ರೀನಾಳ ಬೈಪೋಲಾರ್ ಅದರೊಳಗೆ ಬರುತ್ತಿರಲಿಲ್ಲ. ಕೇರಿ ಆಗಲೂ ಬಾಗಿಲ ಹೊರಗೇ ನಿಂತಿರುತ್ತಿದ್ದಳು.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಂಡದ್ದು ಇಷ್ಟು. ಕಾವೇರಿಯ ಕತೆಯಲ್ಲಿ ಮನೆಯವರಿಗೆ ಸಿಕ್ಕಾಪಟ್ಟೆ ಅಧಿಕಾರ. ಕೇರಿಯ ಕತೆಯಲ್ಲಿ ಮನೆಯವರಿಗೆ ಅಧಿಕಾರವೇ ಇಲ್ಲ. ಒಂದು ಇನ್ನೊಂದಕ್ಕೆ ಔಷಧಿಯಾಗಬಹುದು ಎಂದು ಯಾರಿಗಾದರೂ ಅನಿಸೀತು. ನನಗೂ ಅನಿಸಿತ್ತು, ಎರಡು ವರ್ಷದ ಹಿಂದೆ ಒಂದು ಫೋನ್ ಬರುವವರೆಗೆ.

ಫೋನ್ ಮಾಡಿದವರು ಹಳೆಯ ಮಿತ್ರರು. (ಯಾರು, ಎಲ್ಲಿಯವರು ಎಂದು ದಯವಿಟ್ಟು ಊಹಿಸಬೇಡಿ, ಊಹಿಸಲಾಗದಂತೆಯೇ ಬರೆದಿದ್ದೇನೆ.) ಕಾಲೇಜಿನಲ್ಲಿದ್ದ ಮಗ ಪಾಠಕ್ಕೆ ಹೋಗುವುದು ಬಿಟ್ಟಿದ್ದ, ಊಟ ಬಿಟ್ಟಿದ್ದ, ಯಾರೋ ತನ್ನ ಲ್ಯಾಪ್‌ಟಾಪಿನಿಂದ ತನ್ನನ್ನು ನೋಡುತ್ತಿದ್ದಾರೆ ಎನ್ನುತ್ತಿದ್ದ. ಅಪ್ಪ ಅಮ್ಮ ಕಾಲೇಜಿಗೆ ಫೋನ್ ಮಾಡಿದರು: ವಯಸ್ಕ, ಅವನ ಒಪ್ಪಿಗೆ ಬೇಕು. ಆಸ್ಪತ್ರೆಗೆ ಮಾಡಿದರು: ಅದೇ ಉತ್ತರ. ಅವನು ಅಲ್ಲಿದ್ದಾನೋ ಇಲ್ಲವೋ ಎಂದೂ ಹೇಳಲಿಲ್ಲ. ‘ಹೆತ್ತವರಿಗೇ ಹೇಳಲ್ಲ ಅಂದ್ರೆ ಹೆಂಗ್ರೀ?’ ಎಂದು ಆ ಮನುಷ್ಯ ಫೋನಿನಲ್ಲಿ ಅತ್ತರು. ಅಪ್ಪಟ ಕೇರಿ. ಆಮೇಲೆ ಹುಡುಗನೇ ಒಪ್ಪಿ ಸಹಿ ಹಾಕಿದ, ಔಷಧಿ ಹಿಡಿಯಿತು, ಮನೆಗೆ ಬಂದ. ಒಂದು ತಿಂಗಳ ಮೇಲೆ ನೋಡಲು ಹೋದೆ. ಹುಡುಗನ ಕೋಣೆಯ ಬಾಗಿಲಿನ ಚಿಲಕ ಕಿತ್ತಿದ್ದರು. ಫೋನು ಅಪ್ಪನ ಬಳಿ. ಅವನು ನೀರು ಕುಡಿಯಲು ಎದ್ದರೆ ಮೂರು ಜನ ತಲೆ ಎತ್ತುತ್ತಿದ್ದರು. ನೆಂಟರಿಗೆಲ್ಲ ‘ಒಂದು ಸೆಮಿಸ್ಟರ್ ಬ್ರೇಕ್ ತಗೊಂಡಿದಾನೆ’ ಎಂದು ಹೇಳಲಾಗಿತ್ತು. ಅವನು ನನ್ನ ಜೊತೆ ಎರಡು ಜೋಕ್ ಹೇಳಿ ನಕ್ಕ. ಅಮ್ಮ ಒಳಗಿನಿಂದ ಓಡಿ ಬಂದರು, ಯಾಕೆ ನಕ್ಕ ಎಂದು.

ಒಂದೇ ಮನೆ, ಒಂದೇ ತಿಂಗಳು, ಎರಡೂ ಕಾದಂಬರಿ! ಹೊಸ್ತಿಲಿನ ಹೊರಗೆ ಕ್ಯಾಂಪ್‌ಬೆಲ್, ಒಳಗೆ ತ್ರಿವೇಣಿ. ಅನಿವಾಸಿಗಳಾಗಿ ನಾವು ಎರಡು ದೇಶಗಳ ಒಳ್ಳೆಯದನ್ನೂ ಪಡೆದಿದ್ದೇವೆ ಎಂದು ವರ್ಷಕ್ಕೊಮ್ಮೆ ರಾಜ್ಯೋತ್ಸವದ ವೇದಿಕೆಯಲ್ಲಿ ಹೇಳಿಕೊಳ್ಳುತ್ತೇವಲ್ಲ, ಅದರ ಇನ್ನೊಂದು ಮುಖ ಇದು.

ಎರಡೂ ಕಾದಂಬರಿಗಳಲ್ಲಿ ಒಂದು ಕೊರತೆಯಿದೆ. ಕಾವೇರಿಯ ಒಳಮನಸ್ಸು ತ್ರಿವೇಣಿಯವರ ದಯೆಯಿಂದ ನಮಗಷ್ಟು ಕಾಣುತ್ತದೆ; ಟ್ರೀನಾಳದು ಕಾಣುವುದೇ ಇಲ್ಲ, ಇಡೀ ಕತೆ ತಾಯಿಯ ಬಾಯಲ್ಲಿದೆ. ಇದನ್ನು ತುಂಬಿಕೊಳ್ಳಲು ಎಲಿನ್ ಸ್ಯಾಕ್ಸ್ ಅವರ 2007ರ ಆತ್ಮಕಥೆ ‘ದಿ ಸೆಂಟರ್ ಕೆನಾಟ್ ಹೋಲ್ಡ್’ ಓದಬೇಕು. ಲಾಸ್ ಏಂಜಲೀಸ್‌ನ ಯುಎಸ್‌ಸಿಯಲ್ಲಿ ಕಾನೂನಿನ ಪ್ರಾಧ್ಯಾಪಕಿ, ಸ್ಯಾನ್ ಡಿಯಾಗೋದ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದ ಜೊತೆಗೂ ನಂಟು, ಮತ್ತು ಸ್ಕಿಜೋಫ್ರೀನಿಯಾದ ಜೊತೆ ಬದುಕು. ಯೇಲ್‌ನಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಆಸ್ಪತ್ರೆಯಲ್ಲಿ ತಮ್ಮನ್ನು ಮಂಚಕ್ಕೆ ಕಟ್ಟಿಹಾಕಿದ್ದನ್ನು ಅವರು ಬರೆಯುತ್ತಾರೆ. ಔಷಧಿಯನ್ನು ಅವರು ಅಲ್ಲಗಳೆಯುವುದಿಲ್ಲ, ಬಲಾತ್ಕಾರವನ್ನು ಪ್ರಶ್ನಿಸುತ್ತಾರೆ. ಇದನ್ನು ಓದಿದ ಮೇಲೆ ಕೇರಿಯ ಗುಪ್ತ ಗುಂಪಿನ ಸಾಹಸ ಅಷ್ಟು ಸಲೀಸಾಗಿ ಗಂಟಲಿಗಿಳಿಯುವುದಿಲ್ಲ. ಚಿಲಕ ಕಿತ್ತ ಬಾಗಿಲೂ ಅಷ್ಟೆ.

ಇನ್ನು ಭಾಷೆಯ ವಿಷಯ, ಸಾಹಿತ್ಯದವರಾದ ನಮಗೆ ಇದೇ ಮುಖ್ಯ. ಹೋದ ವರ್ಷ ಮಗಳ ಮನೆಗೆ ಬಂದಿದ್ದ ಪರಿಚಿತರೊಬ್ಬರ ತಾಯಿಯ ಜೊತೆ ಡಾಕ್ಟರ ಬಳಿ ಹೋಗಿದ್ದೆ. ಅಲ್ಲಿ ಒಂದು ಪ್ರಶ್ನಾವಳಿ ಕೊಟ್ಟರು, ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯಿತು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ. ಫೋನಿನಲ್ಲಿ ದುಭಾಷಿ ಸಿಗುವವರೆಗೆ ನಾನೇ ಅನುವಾದಿಸಿದೆ. (ಹಾಗೆ ಮಾಡಬಾರದು; ತರಬೇತಾದ ದುಭಾಷಿಯನ್ನು ಕೇಳುವುದು ರೋಗಿಯ ಹಕ್ಕು. ನೀವು ಕೇಳಿ.) ಎರಡನೆಯ ಪ್ರಶ್ನೆಗೇ ನಾನು ಸೋತೆ. ‘ಬೇಜಾರಾಗುತ್ತಾ ಅಮ್ಮ?’ ಎಂದೆ. ‘ಬೇಜಾರು ಆಗದೆ ಇರತ್ತಾ? ಇಲ್ಲಿ ಮಾತಾಡೋಕೆ ಯಾರಿದಾರೆ?’ ಎಂದು ನಕ್ಕರು. ನಮ್ಮ ‘ಬೇಜಾರು’ ಬಸ್ ತಡವಾದಾಗಿನಿಂದ ಹಿಡಿದು ಬದುಕೇ ಬೇಡವಾಗುವವರೆಗೆ ಎಲ್ಲಕ್ಕೂ ಒಂದೇ ಪದ. ‘ಖಿನ್ನತೆ’ ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಆಮೇಲೆ ಅವರೇ, ಯಾವ ಪ್ರಶ್ನೆಗೂ ಅಲ್ಲದೆ, ‘ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗೆ, ಬೆಳಗಿನ ಜಾವ ಮೂರಕ್ಕೆ’ ಎಂದರು. ಅದಕ್ಕೆ ಎಷ್ಟು ಅಂಕ?

ಊರಿನಲ್ಲಿ ಇದನ್ನು ಆಲಿಸಿದವರು ಇದ್ದಾರೆ. ಆರ್.ಎಲ್. ಕಪೂರ್ ಮತ್ತು ಮಾರಿಸ್ ಕಾರ್‌ಸ್ಟೇರ್ಸ್ ಉಡುಪಿ ಹತ್ತಿರದ ಕೋಟದಲ್ಲಿ (ಹೌದು, ಕಾರಂತರ ಕೋಟವೇ) ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ಕೂತು ಜನರ ಮನಸ್ಸಿನ ಸಂಕಟಗಳನ್ನು ದಾಖಲಿಸಿ 1976ರಲ್ಲಿ ಪುಸ್ತಕವಾಗಿ ತಂದರು. ಅದೇ 1976ರಲ್ಲಿ ರಾಶಿಯವರ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಕೊರವಂಜಿ’ಯ ಹಾಸ್ಯಗಾರ, ವೃತ್ತಿಯಿಂದ ವೈದ್ಯರು, ಬರೆದದ್ದು ಮನೋರೋಗದ ಬಗ್ಗೆ, ಕೊಟ್ಟದ್ದು ಸಾಹಿತ್ಯದ ಪ್ರಶಸ್ತಿ! ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಟ್ಟ ಪುಟ್ಟ ಪುಸ್ತಕಗಳನ್ನು ನಾವೆಲ್ಲ ಬಸ್ ಸ್ಟ್ಯಾಂಡುಗಳಲ್ಲಿ ಕೊಂಡು ಓದಿದ್ದೇವೆ. ಭಾಷೆ ಇದೆ, ಸ್ವಾಮಿ. ಇಲ್ಲಿ ಅದು ಆಸ್ಪತ್ರೆಯ ಬಾಗಿಲವರೆಗೆ ಬಂದಿಲ್ಲ. ಕೌಂಟಿಗಳು ಮಾನಸಿಕ ಆರೋಗ್ಯದ ಮಾಹಿತಿಯನ್ನು ಕಡ್ಡಾಯವಾಗಿ ಒದಗಿಸುವ ಭಾಷೆಗಳ ಪಟ್ಟಿಯಲ್ಲಿ ಸ್ಪ್ಯಾನಿಷ್, ವಿಯೆಟ್ನಾಮೀಸ್, ಫಾರ್ಸಿ ಎಲ್ಲ ಇವೆ, ಆಯಾ ಜನರ ಸಂಖ್ಯೆಯ ಬಲದಿಂದ. ಕನ್ನಡ ಇಲ್ಲ, ಇರುವಷ್ಟು ಜನ ನಾವಿಲ್ಲ. ಸ್ಯಾನ್ ಡಿಯಾಗೋದಲ್ಲಿ 1974ರಲ್ಲಿ ಏಷ್ಯಾದ ಹಲವು ಸಮುದಾಯಗಳು ಕೂಡಿ ಕಟ್ಟಿದ ಯೂಪ್ಯಾಕ್‌ನಂಥ ಸಂಸ್ಥೆಗಳಿವೆ. ತುರ್ತಿಗೆ 2022ರಿಂದ 988 ಸಂಖ್ಯೆ ಇದೆ. ಬರೆದಿಟ್ಟುಕೊಳ್ಳಿ.

ಆದರೆ ಆಸ್ಪತ್ರೆಗೆ ಭಾಷೆ ಒದಗಿಸುವ ಮುಂಚೆ ನಮ್ಮ ಕತೆಗಳಿಗೆ ಒದಗಿಸಬೇಕು. ನಮ್ಮ ಅನಿವಾಸಿ ಕನ್ನಡ ಕತೆಗಳನ್ನು (ನನ್ನ ಎರಡನ್ನೂ ಸೇರಿಸಿ) ತಿರುವಿ ನೋಡಿ. ಒಂಟಿ ಅತ್ತೆ, ಹಿಮ, ಊರಿನ ಮಾವಿನಮರ, ಇಂಗ್ಲಿಷಿನಲ್ಲಿ ಉತ್ತರಿಸುವ ಮೊಮ್ಮಗ. ಯಾರಿಗಾದರೂ ಮನಸ್ಸು ಕೆಟ್ಟರೆ ಟಿಕೆಟ್ ತೆಗೆದು ಊರಿಗೆ ಕಳಿಸುತ್ತೇವೆ. ಅಲ್ಲಿ ಮಾವಿನಮರ ಗುಣಪಡಿಸುತ್ತದೆ, ಕತೆ ಮುಗಿಯುತ್ತದೆ. ಅರವತ್ತು ವರ್ಷದ ಹಿಂದೆ ತ್ರಿವೇಣಿ ದಾಟಿದ ಹೊಸ್ತಿಲನ್ನು ನಾವಿನ್ನೂ ದಾಟಿಲ್ಲ. ಚಿಲಕ ಕಿತ್ತ ಬಾಗಿಲಿನ ಕತೆಯನ್ನು ಆ ಹುಡುಗನೇ ಬರೆಯಬಹುದು, ಬರೆದರೆ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಅವನ ಅಮ್ಮನಿಗೆ ಓದಲು ಕನ್ನಡದಲ್ಲೂ ಒಂದು ಬೇಕು.

ಈ ಬರಹ ಮುಗಿಸುವ ಮುಂಚೆ ಶನಿವಾರ ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ. ಅವಳ ಬಗ್ಗೆ ಬರೆಯುತ್ತಿದ್ದೇನೆ, ಬರೆಯಲಾ ಎಂದು ಕೇಳಬೇಕಿತ್ತು. ಸುತ್ತಿ ಬಳಸಿ ‘ಶರಪಂಜರ’ದಿಂದ ಶುರುಮಾಡಿದೆ.

‘ಅದನ್ನ ಓದಿದೀನಿ ಕಣೋ,’ ಎಂದಳು. ‘ಆಸ್ಪತ್ರೆಗೆ ಹೋಗೋಕೆ ಮುಂಚೆನೇ ಓದಿದ್ದೆ. ಅದಕ್ಕೇ ವಾಪಸು ಬಂದಾಗ ನೀವೆಲ್ಲ ಏನು ಮಾಡ್ತೀರಿ ಅಂತ ನಂಗೆ ಗೊತ್ತಿತ್ತು.’

ಹಿತ್ತಲಿನ ಹಾಡಿನ ಬಗ್ಗೆ ನಾನೇ ಹೇಳಿದ್ದೆಂದು ಒಪ್ಪಿಕೊಂಡೆ. ‘ಗೊತ್ತಿತ್ತು ಬಿಡು, ಬಾಗಿಲ ಹಿಂದೆ ನಿನ್ನ ಕಾಲು ಕಾಣ್ತಿತ್ತು’ ಎಂದಳು. ಬರಿ ಎಂದೂ ಹೇಳಿದಳು, ಹೆಸರು ಹಾಕಬೇಡ ಅಂತ. ಆಮೇಲೆ ಇಲ್ಲಿಯ ಪುಸ್ತಕದ ಕತೆ ಕೇಳಿದಳು. ಹೇಳಿದೆ: ತಾಯಿ, ಮಗಳು, ಪೊಲೀಸು, ರಾತ್ರಿಯ ಕಾರು; ಕೊನೆಗೆ ಹುಡುಗಿ ಅಷ್ಟಿಷ್ಟು ಸುಧಾರಿಸಿಕೊಳ್ಳುತ್ತಾಳೆ ಎಂದು.

‘ಆಮೇಲೆ? ಮನೇಲಿ ಅಡುಗೆ ಮಾಡೋಕೆ ಬಿಡ್ತಾರಂತಾ?’

ನನಗೆ ನೆನಪಾಗಲಿಲ್ಲ. ನೋಡಿ ಹೇಳ್ತೀನಿ ಚಿಕ್ಕಮ್ಮ, ಎಂದೆ.